ಪಚ್ಚೆತೆನೆ: ಒಂದು ಎಲೆಯ ಇತಿಹಾಸ ಮತ್ತು ಒಂದು ತಪ್ಪೊಪ್ಪಿಗೆ



ನನ್ನ ತಾಯಿಯವರ ಸೀರೆಯ ಪೆಟ್ಟಿಗೆಯನ್ನು ನಮ್ಮ ಬಂಧುವರ್ಗದ ಹಿರಿಯರು ಮರೆತಿರಲಾರರು. ಕಪ್ಪು ಬಣ್ಣದ ಆ ತಗಡಿನ ಪೆಟ್ಟಿಗೆ ವರ್ಷದಲ್ಲಿ ನಾಲ್ಕೈದು ಬಾರಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಅದರ ಮುಚ್ಚಳ ಮೇಲೆದ್ದಾಗ ಹೊರಬರುತ್ತಿದ್ದ ಪರಿಮಳ ಹೂವಿನದಲ್ಲ, ಗಂಧದ್ದಲ್ಲ, ಕರ್ಪೂರದ್ದೂ ಅಲ್ಲ. ಮೊದಲ ಮಳೆ ಬಿದ್ದ ಮಣ್ಣು, ಹಳೆಯ ಮರದ ತೊಲೆ, ಕೊಂಚ ಬೆಲ್ಲ, ಇವೆಲ್ಲವನ್ನೂ ಕೂಡಿಸಿ ನೆರಳಿನಲ್ಲಿ ಒಣಗಿಸಿದರೆ ಹೇಗಿರಬಹುದೋ ಹಾಗಿತ್ತು ಅದು. ರೇಷ್ಮೆಸೀರೆಗಳ ಮಡಿಕೆಯ ನಡುವೆ ಅಮ್ಮ ಇಡುತ್ತಿದ್ದ ಒಣಗಿದ ಪಚ್ಚೆತೆನೆಯ ಎಲೆಗಳ ವಾಸನೆ ಅದೆಂದು ನನಗೆ ಬಾಲ್ಯದಲ್ಲೇ ಗೊತ್ತಿತ್ತು. ಹುಳು ಬರಬಾರದೆಂದು ಇಡುತ್ತೇನೆ ಎನ್ನುತ್ತಿದ್ದರು. ಅದೇ ಎಲೆಯನ್ನು ಹಸಿಯಾಗಿ ಮಲ್ಲಿಗೆ, ಕನಕಾಂಬರಗಳ ನಡುವೆ ಸೇರಿಸಿ ಮಾಲೆ ಕಟ್ಟುವುದೂ ಇತ್ತು. ಮರುಗ, ದವನ, ಪಚ್ಚೆತೆನೆ, ಈ ಮೂರೂ ನಮ್ಮ ಸೀಮೆಯ ಹೂವಾಡಗಿತ್ತಿಯರ ಬುಟ್ಟಿಯಲ್ಲಿ ಇರಲೇಬೇಕಾದ ಸೊಪ್ಪುಗಳು.

ಈ ಎಲೆಯ ಚರಿತ್ರೆಯನ್ನು ಬರೆಯಬೇಕೆಂದು ಹೊರಟದ್ದಕ್ಕೆ ಕಾರಣವೊಂದಿದೆ. ಅದು ನನಗೆ ಅಷ್ಟೇನೂ ಗೌರವ ತರುವ ಕಾರಣವಲ್ಲ. ಆದರೂ ಮೊದಲೇ ಹೇಳಿಬಿಡುವುದು ಲೇಸು.

1979ರ ಸುಮಾರು. ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ ನಡೆಯುತ್ತಿತ್ತು. ಐರೋಪ್ಯ ವರ್ತಕರು, ಸಾಂಬಾರ ಪದಾರ್ಥಗಳು, ರೇಷ್ಮೆ, ನೀಲಿ ಎಂದು ಹೇಳುತ್ತ ಹೋದವನು ಮಾತಿನ ಭರದಲ್ಲಿ ಸುಗಂಧದ್ರವ್ಯಗಳ ವಿಷಯಕ್ಕೆ ಬಂದೆ. ಪರಿಮಳ ತಯಾರಿಕೆ ಫ್ರೆಂಚರ ಕಲೆ, ಅವರು ಗುಲಾಬಿ ಮಲ್ಲಿಗೆಗಳಂಥ ಹೂಗಳಿಂದ ಅದನ್ನು ಇಳಿಸುತ್ತಾರೆ ಎಂದೆ. ಆಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತಳು. ಅವಳ ಮನೆಯವರು ಸಂತೆಪೇಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದರು. “ಸಾರ್, ಪಚ್ಚೆತೆನೆ ಎಲೆಯಿಂದಲೂ ಸೆಂಟು ಮಾಡುತ್ತಾರಂತೆ, ಅದು ವಿಲಾಯಿತಿಗೂ ಹೋಗುತ್ತಂತೆ, ನಮ್ಮಜ್ಜ ಹೇಳಿದ್ದು” ಎಂದಳು. ಕೈಯಲ್ಲಿ ಒಂದು ಕುಡಿಯೂ ಇತ್ತು. ನಾನು ನಕ್ಕೆ. “ಅದು ಮಾಲೆಗೆ ಸೇರಿಸುವ ಸೊಪ್ಪಮ್ಮ. ಸೆಂಟು ಹೂವಿನಿಂದ ಆಗುತ್ತದೆ, ಸೊಪ್ಪಿನಿಂದ ಸಾರು ಆಗುತ್ತದೆ” ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ಕುಳಿತಳು. ಆ ವರ್ಷವಿಡೀ ಅವಳು ಮತ್ತೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಈ ಘಟನೆಯನ್ನು ನಾನು ಮರೆತೇಬಿಟ್ಟಿದ್ದೆ. ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ, ಹೊರದೇಶದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ತಾನು ಬಳಸುವ ಸುಗಂಧದ ಸೀಸೆಯಿಂದ ಒಂದು ಹನಿಯನ್ನು ಸಲಿಗೆಯಿಂದ ನನ್ನ ಮಣಿಕಟ್ಟಿಗೆ ಸವರಿದಳು. ಮೊದಲು ಕಿತ್ತಳೆಯಂಥ ಹುಳಿ, ಆಮೇಲೆ ಯಾವುದೋ ಹೂವು. ಎರಡು ಗಂಟೆ ಕಳೆದ ಮೇಲೆ ಪತ್ರಿಕೆ ಓದಲು ಕೈ ಎತ್ತಿದಾಗ ನನ್ನ ಮೂಗಿಗೆ ಬಂದದ್ದು ಅಮ್ಮನ ಪೆಟ್ಟಿಗೆ! ಇದೇನಮ್ಮ ಎಂದು ಕೇಳಿದೆ. “ಅದು ಪ್ಯಾಚೂಲಿ ಮಾವ, ಈಗಿನ ಎಷ್ಟೋ ಪರ್ಫ್ಯೂಮುಗಳ ಬುಡದಲ್ಲಿ ಅದೇ ಇರುತ್ತದೆ” ಎಂದಳು. ಅಂದು ರಾತ್ರಿ ನಿದ್ರೆ ಬರಲಿಲ್ಲ. ಅಂದಿನಿಂದ ಈ ಎಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಓದಿದ್ದರಲ್ಲಿ ನಂಬಲರ್ಹವೆಂದು ತೋರಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲಿಗೆ ಹೆಸರು. ‘ಪ್ಯಾಚೂಲಿ’ ಎಂಬುದು ಫ್ರೆಂಚ್ ಪದವಲ್ಲ, ನಮ್ಮ ದ್ರಾವಿಡ ಮೂಲದ್ದೇ. ತಮಿಳಿನ ‘ಪಚ್ಚೈ’ ಎಂದರೆ ಹಸಿರು, ‘ಇಲೈ’ ಎಂದರೆ ಎಲೆ. ‘ಪಚ್ಚಿಲೈ’ ಎಂಬ ಈ ಮಾತು ವರ್ತಕರ ಬಾಯಲ್ಲಿ ಸವೆದು, ಇಂಗ್ಲಿಷ್ ಫ್ರೆಂಚ್‌ಗಳಿಗೆ ಹೊಕ್ಕು, ಗುರುತು ಸಿಗದ ವೇಷ ಧರಿಸಿ ನಮ್ಮಲ್ಲಿಗೆ ಮರಳಿದೆ. ನಮ್ಮ ‘ಪಚ್ಚೆತೆನೆ’ಯ ಪಚ್ಚೆಯೂ ಆ ಪಚ್ಚೈಯೂ ಒಂದೇ ಬೇರಿನ ಚಿಗುರುಗಳು.

ಇನ್ನು ಗಿಡ. ಇದು ತುಲಸಿಯ ಕುಟುಂಬಕ್ಕೆ ಸೇರಿದ್ದು. ಇದರ ಕುಲವನ್ನು ಸಸ್ಯಶಾಸ್ತ್ರಜ್ಞರು ಪೊಗೊಸ್ಟೆಮಾನ್ ಎಂದು ಕರೆಯುತ್ತಾರೆ. ಗ್ರೀಕಿನಲ್ಲಿ ಗಡ್ಡವುಳ್ಳ ಕೇಸರ ಎಂದರ್ಥ, ಹೂವಿನ ಕೇಸರಗಳ ಮೇಲೆ ರೋಮಗಳಿರುವುದರಿಂದ ಆ ಹೆಸರು. ಈ ಕುಲದಲ್ಲಿ ಪರಿಮಳದ ಇತಿಹಾಸಕ್ಕೆ ಬೇಕಾದ ಜಾತಿಗಳು ಎರಡು. ಮೊದಲನೆಯದು ಪೊಗೊಸ್ಟೆಮಾನ್ ಹೇನಿಯಾನಸ್. ಇದು ದಕ್ಷಿಣ ಭಾರತ ಮತ್ತು ಸಿಂಹಳಗಳ ಗಿಡ, ನಮ್ಮ ಹೂಮಾಲೆಗಳ ಪಚ್ಚೆಯನ್ನು ಸಾಮಾನ್ಯವಾಗಿ ಈ ಜಾತಿಗೆ ಸೇರಿಸುತ್ತಾರೆ. ಎರಡನೆಯದು ಪೊಗೊಸ್ಟೆಮಾನ್ ಕ್ಯಾಬ್ಲಿನ್, ಫಿಲಿಪೀನ್ಸ್ ಮತ್ತು ಆಗ್ನೇಯ ಏಷ್ಯಾದ್ದು. ಜಗತ್ತಿನ ಸುಗಂಧೋದ್ಯಮ ನಿಂತಿರುವುದು ಈ ಎರಡನೆಯದರ ಮೇಲೆ. ಮನಿಲಾದಲ್ಲಿದ್ದ ಸ್ಪೇನಿನ ಪಾದ್ರಿ ಬ್ಲಾಂಕೊ 1837ರಲ್ಲಿ ಇದನ್ನು ಪುದೀನದ ಬಳಗಕ್ಕೆ ಸೇರಿಸಿ ವರ್ಣಿಸಿದ. 1848ರಲ್ಲಿ ಇಂಗ್ಲೆಂಡಿನ ಜಾರ್ಜ್ ಬೆಂಥಮ್ ಅದನ್ನು ಪೊಗೊಸ್ಟೆಮಾನ್ ಕುಲಕ್ಕೆ ತಂದ.

ಮೊದಲನೆಯ ಹೆಸರಿನಲ್ಲಿರುವ ‘ಹೇನಿ’ ಯಾರೆಂದು ತಿಳಿದಾಗ ನನಗೆ ಸೋಜಿಗವಾಯಿತು. ಬೆಂಜಮಿನ್ ಹೇನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನ ಸ್ಮರಣಾರ್ಥವಾಗಿ ಅದೇ ಬೆಂಥಮ್ ಇಟ್ಟ ಹೆಸರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರದ ಪರವಾಗಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡವನೂ, ಕರ್ನಲ್ ಮೆಕೆಂಝಿಯ ಮೈಸೂರು ಮೋಜಣಿಯ ಜೊತೆಗೆ ಸುತ್ತಾಡಿದವನೂ ಈ ಹೇನ್. ವಿದ್ಯಾರ್ಥಿಗಳನ್ನು ಅದೆಷ್ಟೋ ಬಾರಿ ಲಾಲ್‌ಬಾಗಿಗೆ ಪ್ರವಾಸ ಕರೆದೊಯ್ದವನು ನಾನು. ಅಮ್ಮನ ಪೆಟ್ಟಿಗೆಗೂ ಆ ತೋಟಕ್ಕೂ ಇಂಥದ್ದೊಂದು ನಂಟಿದೆಯೆಂದು ಆಗ ತಿಳಿದಿರಲಿಲ್ಲ.

ಈ ಎಲೆ ಯುರೋಪಿಗೆ ಹೋದ ಬಗೆಯೇ ಒಂದು ಕಥೆ. ಅದು ಹೋದದ್ದು ಪರಿಮಳವಾಗಿ ಅಲ್ಲ, ಕಾವಲುಗಾರನಾಗಿ. ಹದಿನೆಂಟನೆಯ ಶತಮಾನದ ಕೊನೆಯಿಂದ ಕಾಶ್ಮೀರದ ಶಾಲುಗಳಿಗೆ ಯುರೋಪಿನಲ್ಲಿ ಅಪಾರ ಬೇಡಿಕೆ ಹುಟ್ಟಿತು. ನೆಪೋಲಿಯನ್ನನ ಪತ್ನಿ ಜೋಸೆಫೀನಳ ಶಾಲುಗಳ ಸಂಗ್ರಹ ಅಂದಿನ ಪ್ಯಾರಿಸ್ಸಿನಲ್ಲಿ ಮನೆಮಾತಾಗಿತ್ತು. ತಿಂಗಳುಗಟ್ಟಲೆ ಸಾಗುವ ಸಮುದ್ರಯಾನದಲ್ಲಿ ನುಸಿ ಉಣ್ಣೆಯನ್ನು ತಿನ್ನದಿರಲೆಂದು ವರ್ತಕರು ಶಾಲುಗಳ ನಡುವೆ ಒಣಗಿದ ಪಚ್ಚೆ ಎಲೆಗಳನ್ನು ಇಡುತ್ತಿದ್ದರು. ಈ ಗಿಡ ಕಾಶ್ಮೀರದ್ದಲ್ಲ, ಆದರೂ ಅದರ ವಾಸನೆ ಶಾಲಿಗೆ ಅಂಟಿಕೊಂಡಿತು. ಕ್ರಮೇಣ ಕೊಳ್ಳುವವರು ಶಾಲನ್ನು ಕಣ್ಣಿನಿಂದಲ್ಲದೆ ಮೂಗಿನಿಂದ ಪರೀಕ್ಷಿಸತೊಡಗಿದರು. ಈ ವಾಸನೆ ಇದ್ದರೆ ಅಸಲು, ಇಲ್ಲದಿದ್ದರೆ ನಕಲು.

ಅಷ್ಟರಲ್ಲಿ ಫ್ರಾನ್ಸಿನ ಲಿಯಾನ್, ಸ್ಕಾಟ್ಲೆಂಡಿನ ಪೇಸ್ಲಿ ಮುಂತಾದ ಊರುಗಳಲ್ಲಿ ಕಾಶ್ಮೀರಿ ಮಾದರಿಯ ಶಾಲುಗಳನ್ನು ಮಗ್ಗಗಳಲ್ಲಿ ನೇಯಲು ಆರಂಭಿಸಿದ್ದರು. ನಮ್ಮ ಮಾವಿನಕಾಯಿ ಅಂಚಿನ ವಿನ್ಯಾಸಕ್ಕೆ ಜಗತ್ತಿನಲ್ಲೆಲ್ಲ ‘ಪೇಸ್ಲಿ’ ಎಂಬ ಹೆಸರು ನಿಂತದ್ದು ಹೀಗೆ. ಬಣ್ಣ ಬಂತು, ಬುಟ್ಟಾ ಬಂತು, ವಾಸನೆ ಮಾತ್ರ ಬರಲಿಲ್ಲ. ಕೊನೆಗೆ ಫ್ರಾನ್ಸಿನ ತಯಾರಕರು ಗುಟ್ಟನ್ನು ಪತ್ತೆಹಚ್ಚಿ, ಎಲೆಯನ್ನೇ ತರಿಸಿಕೊಂಡು, ತಾವು ನೇಯ್ದ ಶಾಲುಗಳಿಗೆ ಆ ಪರಿಮಳ ಹಿಡಿಸಿ ಭಾರತದ ಮಾಲೆಂದು ಮಾರತೊಡಗಿದರು. ಲಂಡನ್ನಿನ ಸುಗಂಧ ತಯಾರಕ ಸೆಪ್ಟಿಮಸ್ ಪೀಸ್ 1850ರ ದಶಕದಲ್ಲಿ ಪ್ರಕಟಿಸಿದ ತನ್ನ ಸುಗಂಧಕಲೆಯ ಗ್ರಂಥದಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾನೆ. ಅಸಲಿನ ಗುರುತಾಗಿದ್ದ ವಾಸನೆಯೇ ನಕಲಿನ ಉಪಕರಣವಾಯಿತು. ಆಧುನಿಕ ಯುರೋಪಿನ ಸುಗಂಧಶಾಲೆಗೆ ಪಚ್ಚೆ ಎಲೆ ಪ್ರವೇಶ ಪಡೆದದ್ದು ಈ ಬಾಗಿಲಿನಿಂದ.

ಕಾಶ್ಮೀರದ ನೇಕಾರರ ಪಾಡನ್ನೂ ಇಲ್ಲಿ ಹೇಳದಿದ್ದರೆ ಇತಿಹಾಸ ಅಪೂರ್ಣವಾಗುತ್ತದೆ. ಅವರ ಮೇಲೆ ಆಳರಸರು ಹೇರಿದ್ದ ತೆರಿಗೆ ಅತ್ಯಂತ ಭಾರವಾಗಿತ್ತು. 1865ರ ಏಪ್ರಿಲ್ 29ರಂದು ಶ್ರೀನಗರದಲ್ಲಿ ಪ್ರತಿಭಟಿಸಿದ ಶಾಲು ನೇಕಾರರ ಮೇಲೆ ಸೈನ್ಯ ನುಗ್ಗಿ ಹಲವರು ಸತ್ತರು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾಗಿ ಪ್ಯಾರಿಸ್ಸಿನ ಬೇಡಿಕೆ ಕುಸಿಯಿತು, ಉಡುಪಿನ ರೂಢಿಯೂ ಬದಲಾಯಿತು. ಅದರ ಬೆನ್ನಿಗೇ 1877ರಿಂದ 1879ರವರೆಗೆ ಘೋರ ಕ್ಷಾಮ ಬಂತು. ಶಾಲಿನ ಕಸುಬು ನೆಲಕಚ್ಚಿತು. ಶಾಲಿನ ಜೊತೆಗೆ ಹೋದ ಎಲೆ ಮಾತ್ರ ಯುರೋಪಿನಲ್ಲಿ ಉಳಿದು ಬೆಳೆಯಿತು.

ಆ ಕಾಲದಲ್ಲಿ ಮಲಯ ತೀರದ ಪೆನಾಂಗ್, ಸಿಂಗಪುರಗಳಿಂದ ಒಣಗಿದ ಎಲೆಯ ಮೂಟೆಗಳು ಯುರೋಪಿಗೆ ಹಡಗೇರುತ್ತಿದ್ದವು. ಅಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಿದ್ದರು. ಗುಲಾಬಿ ಮಲ್ಲಿಗೆಗಳನ್ನು ಬಿಡಿಸಿದ ದಿನವೇ ಉಪಯೋಗಿಸಬೇಕು. ಪಚ್ಚೆ ಎಲೆಯ ಸ್ವಭಾವ ಇದಕ್ಕೆ ವಿರುದ್ಧ. ಹಸಿ ಎಲೆಯ ವಾಸನೆ ಮಂದ. ನೆರಳಿನಲ್ಲಿ ಬಾಡಿಸಿ ಒಣಗಿಸಿ, ಕೆಲವು ದಿನ ರಾಶಿ ಹಾಕಿ ಪಕ್ವವಾಗಲು ಬಿಟ್ಟರೆ ಎಲೆಯೊಳಗಿನ ಕೋಶಗಳು ಶಿಥಿಲವಾಗಿ ಎಣ್ಣೆ ಸುಲಭವಾಗಿ ಬಿಡುಗಡೆಯಾಗುತ್ತದೆ. ನೂರು ಕಿಲೋ ಒಣ ಎಲೆಗೆ ಸುಮಾರು 2ರಿಂದ 3 ಕಿಲೋ ಎಣ್ಣೆ. ಹೀಗೆ ಬಂದ ಎಣ್ಣೆಯೂ ಹಳೆಯದಾದಂತೆ ಒರಟುತನ ಕಳೆದುಕೊಂಡು ದುಂಡಾಗುತ್ತದೆ. ಅಮ್ಮ ಹಳೆಯ ಎಲೆಗಳನ್ನು ಎಸೆಯದೆ ಹೊಸದರ ಜೊತೆಗೇ ಇಡುತ್ತಿದ್ದುದು ಸುಮ್ಮನೆ ಅಲ್ಲವೆಂದು ಈಗ ಅನ್ನಿಸುತ್ತದೆ.

ಕಚ್ಚಾ ವಸ್ತು ಇಲ್ಲಿಂದ, ಎಣ್ಣೆ ಇಳಿಸುವ ವಿದ್ಯೆ ಅಲ್ಲಿ ಎಂಬ ಈ ವ್ಯವಸ್ಥೆ ನಮಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳೂ ಹೀಗೆಯೇ ಯುರೋಪಿಗೆ ಹೋಗುತ್ತಿದ್ದವು. 1914ರ ಮಹಾಯುದ್ಧದಿಂದ ಆ ಹಾದಿ ಮುಚ್ಚಿಹೋದಾಗ ಸಂಸ್ಥಾನವು 1916ರಲ್ಲಿ ತಾನೇ ಗಂಧದೆಣ್ಣೆ ಇಳಿಸಲು ಆರಂಭಿಸಿದ್ದನ್ನು ನಾನು ಪಾಠ ಮಾಡಿದ್ದೇನೆ. ಅದರ ಫಲವಾಗಿ ಬಂದ ಮೈಸೂರು ಸ್ಯಾಂಡಲ್ ಸಾಬೂನಿನಲ್ಲಿ ಶ್ರೀಗಂಧದ ಜೊತೆಗೆ ಲಾವಂಚ, ಪ್ಯಾಚೂಲಿ ಮುಂತಾದ ಎಣ್ಣೆಗಳೂ ಇವೆಯಂತೆ. ನಮ್ಮ ಬಚ್ಚಲುಮನೆಯಲ್ಲೇ ಇದ್ದದ್ದನ್ನು ನಾನು ತರಗತಿಯಲ್ಲಿ ಸಾರಿನ ಸೊಪ್ಪೆಂದು ನಕ್ಕಿದ್ದೆ!

ಸುಗಂಧದ ರಚನೆಯಲ್ಲಿ ಈ ಎಣ್ಣೆಯ ಕೆಲಸವೇನು? ಪರಿಮಳ ತಯಾರಕರು ಸಂಗೀತದಿಂದ ಪದಗಳನ್ನು ಎರವಲು ತಂದಿದ್ದಾರೆ. ಹಚ್ಚಿದೊಡನೆ ಏರಿ ಹಾರಿಹೋಗುವ ನಿಂಬೆ, ಕಿತ್ತಳೆಗಳ ವಾಸನೆ ಮೇಲಿನ ಸ್ವರ. ಅನಂತರ ಅರಳುವ ಹೂಗಳದ್ದು ನಡುವಿನ ಸ್ವರ. ಎಲ್ಲ ಹೋದ ಮೇಲೂ ಗಂಟೆಗಟ್ಟಲೆ ಉಳಿಯುವುದು ಕೆಳಗಿನ ಸ್ವರ. ಪ್ಯಾಚೂಲಿಯ ಅಣುಗಳು ಭಾರವಾದುವು, ನಿಧಾನವಾಗಿ ಆವಿಯಾಗುವಂಥವು. ಆದ್ದರಿಂದ ಅದು ತಾನು ಕೆಳಗೆ ಕುಳಿತು, ಓಡಿಹೋಗುವ ಹೂವಿನ ವಾಸನೆಗಳನ್ನೂ ಕೊಂಚ ಹೊತ್ತು ತಡೆದು ನಿಲ್ಲಿಸುತ್ತದೆ. ನಮ್ಮ ಸಂಗೀತ ಕಛೇರಿಯ ತಂಬೂರಿಯನ್ನು ಯಾರೂ ಹೊಗಳುವುದಿಲ್ಲ, ಆದರೆ ಅದು ನಿಂತರೆ ಗಾಯಕ ತಡವರಿಸುತ್ತಾನೆ. ಪ್ಯಾಚೂಲಿಯ ಸ್ಥಾನ ಬಹುಮಟ್ಟಿಗೆ ಅಂಥದ್ದು.

1917ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಕೋಟಿ ‘ಶೀಪ್ರ್’ ಎಂಬ ಸುಗಂಧವನ್ನು ಹೊರತಂದ. ಸೈಪ್ರಸ್ ದ್ವೀಪದ ಫ್ರೆಂಚ್ ಹೆಸರದು. ಮೇಲೆ ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ, ಕೆಳಗೆ ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನಂಥ ಪಾಚಿ, ಲ್ಯಾಬ್ಡನಮ್ ಎಂಬ ಗೋಂದು ಮತ್ತು ಪ್ಯಾಚೂಲಿ, ಈ ಜೋಡಣೆಯ ಸುತ್ತ ಒಂದು ಇಡೀ ಪರಂಪರೆಯೇ ಬೆಳೆಯಿತು. 1919ರ ಗೆರ್ಲೇನ್ ಸಂಸ್ಥೆಯ ‘ಮಿತ್ಸುಕೊ’, 1947ರ ‘ಮಿಸ್ ಡಿಯೊರ್’ ಈ ವಂಶದವು. ಇತ್ತ 1932ರಲ್ಲಿ ಜ್ಯಾಂ ಕಾರ್ಲ್ ಎಂಬ ಪ್ರಸಿದ್ಧ ತಯಾರಕ ರಚಿಸಿದ ‘ತಾಬೂ’ದಲ್ಲಿ ಪ್ಯಾಚೂಲಿ ತೆರೆಮರೆಯಿಂದ ಹೊರಬಂದು ಎದ್ದುಕಾಣುವಂತೆ ನಿಂತಿತು.

ಆದರೆ ಮರ್ಯಾದೆಯ ವಿಷಯದಲ್ಲಿ ಈ ಎಲೆಯ ಜಾತಕ ಏರಿಳಿತಗಳದ್ದು. ಶಾಲುಗಳ ಕಾಲದಲ್ಲಿ ಅದು ಸಿರಿವಂತಿಕೆಯ ವಾಸನೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಪ್ಯಾರಿಸ್ಸಿನಲ್ಲಿ ಅದು ಗಣಿಕೆಯರ ವಾಸನೆಯೆಂದು ಕುಲೀನ ಗೃಹಿಣಿಯರು ದೂರವಿಟ್ಟರು. 1960ರ ದಶಕದ ಕೊನೆಯಲ್ಲಿ ಅಮೆರಿಕ, ಯುರೋಪುಗಳ ಹಿಪ್ಪಿ ತರುಣರು ಭಾರತದ ಮೋಹದಲ್ಲಿ ಅದೇ ಎಣ್ಣೆಯನ್ನು ಶುದ್ಧರೂಪದಲ್ಲಿ ಮೈಗೆ ಪೂಸಿಕೊಂಡರು. ಗಾಂಜಾದ ವಾಸನೆ ಮುಚ್ಚಲೆಂದು ಪೂಸಿಕೊಳ್ಳುತ್ತಾರೆ ಎಂಬ ಅಪವಾದವೂ ಹುಟ್ಟಿತು. ಅವರ ತಂದೆತಾಯಿಯರಿಗೆ ಅದು ಕೊಳಕಿನ ವಾಸನೆಯಾಯಿತು. ಎಲೆ ಒಂದೇ, ಎಣ್ಣೆ ಒಂದೇ. ಯಾರ ಮೈಮೇಲಿದೆ ಎಂಬುದರ ಮೇಲೆ ಅದರ ಬೆಲೆ ನಿರ್ಧಾರವಾಗುತ್ತಿತ್ತು. ಮನುಷ್ಯರ ವಿಷಯದಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೆ?

ಈ ಎಣ್ಣೆಯ ರಸಾಯನದ ಕಥೆಯೊಂದನ್ನು ವಿಜ್ಞಾನ ಓದಿದ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಹೇಳಲೇಬೇಕು. ಎಣ್ಣೆಯ ಮುಖ್ಯ ಘಟಕದ ಹೆಸರು ಪ್ಯಾಚೂಲಾಲ್. ಒಳ್ಳೆಯ ಎಣ್ಣೆಯಲ್ಲಿ ಅದರ ಪ್ರಮಾಣ ಸುಮಾರು ಮೂರನೆಯ ಒಂದು ಭಾಗ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಜಾರ್ಜ್ ಬ್ಯೂಕಿ ಎಂಬ ಹಿರಿಯ ರಸಾಯನಜ್ಞ ಈ ಅಣುವಿನ ರಚನೆಯನ್ನು ಪ್ರಕಟಿಸಿದ. ತಾನು ಹೇಳಿದ ರಚನೆಗೆ ಅನುಗುಣವಾಗಿ ಪ್ರಯೋಗಶಾಲೆಯಲ್ಲಿ ಅಣುವನ್ನು ಹಂತಹಂತವಾಗಿ ಕಟ್ಟಿದಾಗ ಬಂದದ್ದು ಸಾಕ್ಷಾತ್ ಪ್ಯಾಚೂಲಾಲ್! ಇದಕ್ಕಿಂತ ದೊಡ್ಡ ಪುರಾವೆ ಯಾವುದಿದ್ದೀತು? ಆದರೆ 1963ರಲ್ಲಿ ಜೂರಿಚ್‌ನ ಜ್ಯಾಕ್ ಡ್ಯುನಿಟ್ಜ್‌ನ ತಂಡ ಈ ವಸ್ತುವಿನ ಒಂದು ಸ್ಫಟಿಕವನ್ನು ಕ್ಷಕಿರಣಗಳಿಂದ ಪರೀಕ್ಷಿಸಿದಾಗ ಬ್ಯೂಕಿಯ ರಚನೆ ತಪ್ಪೆಂದು ಕಂಡುಬಂತು. ಅಣುವನ್ನು ಒಡೆದು ನೋಡುವಾಗ ಅದರ ಇಂಗಾಲದ ಚೌಕಟ್ಟು ತನ್ನಷ್ಟಕ್ಕೆ ಮಗ್ಗುಲು ಬದಲಿಸಿತ್ತು. ಮರಳಿ ಕಟ್ಟುವಾಗ ಯಾರಿಗೂ ತಿಳಿಯದಂತೆ ಹಿಂದಿನ ಮಗ್ಗುಲಿಗೇ ತಿರುಗಿತ್ತು. ಎರಡು ತಪ್ಪುಗಳು ಸೇರಿ ಸರಿಯಾದ ಉತ್ತರ ಬಂದಿತ್ತು. ಲೆಕ್ಕದ ಪರೀಕ್ಷೆಯಲ್ಲಿ ಇಂಥದ್ದನ್ನು ನಾವೆಲ್ಲ ಕಂಡಿದ್ದೇವೆ.

ನನಗೆ ಮೆಚ್ಚಿಗೆಯಾದದ್ದು ಮುಂದಿನ ಸಂಗತಿ. ತಪ್ಪನ್ನು ತೋರಿಸಿದ ಆ ಲೇಖನದ ಕರ್ತೃಗಳ ಪಟ್ಟಿಯಲ್ಲಿ ಬ್ಯೂಕಿಯ ಹೆಸರೂ ಇದೆ. ತನ್ನ ತಪ್ಪನ್ನು ಜಗತ್ತಿಗೆ ಸಾರುವ ಕಾಗದಕ್ಕೆ ಆತ ತಾನೇ ಹೆಸರು ಸೇರಿಸಿದ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇತ್ತೀಚಿನ ಕಾಲದಲ್ಲಿ ಈ ಎಲೆಯ ಅದೃಷ್ಟ ಮತ್ತೆ ತಿರುಗಿದೆ. 1992ರಲ್ಲಿ ಒಲಿವಿಯೆ ಕ್ರೆಸ್ಪ್ ಎಂಬ ತಯಾರಕ ತಿಯೆರಿ ಮುಗ್ಲೇರ್ ಸಂಸ್ಥೆಗಾಗಿ ‘ಏಂಜೆಲ್’ ಎಂಬ ಸುಗಂಧವನ್ನು ರಚಿಸಿದ. ಜಾತ್ರೆಯ ಬೊಂಬಾಯಿ ಮಿಠಾಯಿಯನ್ನು ನೆನಪಿಸುವ ಸಿಹಿ ವಾಸನೆಯ ಕೃತಕ ದ್ರವ್ಯದೊಡನೆ ಪ್ಯಾಚೂಲಿಯನ್ನು ಧಾರಾಳವಾಗಿ ಸೇರಿಸಿದ ಪ್ರಯೋಗವದು. ಕೇವಲ ಸಿಹಿಯಾಗಿದ್ದರೆ ಅದು ಮಕ್ಕಳಾಟಿಕೆಯಾಗುತ್ತಿತ್ತು, ಎಲೆಯ ಮಣ್ಣಿನ ಕಹಿ ಅದಕ್ಕೆ ಗಾಂಭೀರ್ಯ ಕೊಟ್ಟಿತು. ತಿಂಡಿಯ ಪರಿಮಳವನ್ನು ಹೋಲುವ ಸುಗಂಧಗಳ ಒಂದು ಹೊಸ ಪಂಥವೇ ಅಲ್ಲಿಂದ ಹೊರಟಿತು. 2001ರಲ್ಲಿ ಶನೆಲ್ ಸಂಸ್ಥೆ ಹೊರತಂದ ‘ಕೊಕೊ ಮದ್ಮಾಜೆಲ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಎಣ್ಣೆಯನ್ನು ಮತ್ತೆ ಭಾಗಭಾಗವಾಗಿ ಬಟ್ಟಿ ಇಳಿಸಿ, ಮುಗ್ಗಲು ಹಿಡಿದ ವಾಸನೆಯ ಅಂಶಗಳನ್ನು ತೆಗೆದು, ಸ್ವಚ್ಛವಾದ ಭಾಗವನ್ನಷ್ಟೇ ಬಳಸುವ ಕ್ರಮ ಇಂಥ ಸುಗಂಧಗಳಿಂದ ಜನಪ್ರಿಯವಾಯಿತು.

ಇದಕ್ಕೆ ಮತ್ತೊಂದು ಕಾರಣವೂ ಒದಗಿತು. ಶೀಪ್ರ್ ಪರಂಪರೆಯ ಆಧಾರವಾಗಿದ್ದ ಓಕ್ ಪಾಚಿಯಲ್ಲಿ ಚರ್ಮಕ್ಕೆ ಅಲರ್ಜಿ ತರುವ ಅಂಶಗಳಿವೆಯೆಂದು ತಿಳಿದುಬಂದು, ಅದರ ಬಳಕೆಗೆ ಉದ್ಯಮವೇ ಮಿತಿ ಹಾಕಿಕೊಂಡಿತು. 2017ರಲ್ಲಿ ಯುರೋಪಿಯನ್ ಒಕ್ಕೂಟ ಆ ಪಾಚಿಯಲ್ಲಿರುವ ಎರಡು ವಸ್ತುಗಳನ್ನು ನಿಷೇಧಿಸುವ ನಿಯಮ ಮಾಡಿತು. ಪಾಚಿ ಬಿಟ್ಟುಹೋದ ಜಾಗವನ್ನು ತುಂಬಲು ತಯಾರಕರು ಹೆಚ್ಚು ಹೆಚ್ಚಾಗಿ ಪ್ಯಾಚೂಲಿಯನ್ನು ಆಶ್ರಯಿಸಿದರು. ನಾಲ್ಕು ಕಂಬಗಳಲ್ಲಿ ಒಂದಾಗಿದ್ದದ್ದು ಈಗ ತೊಲೆಯನ್ನೂ ಹೊರಬೇಕಾಯಿತು.

ಹಾಗಾದರೆ ಈ ಎಣ್ಣೆ ಬರುವುದೆಲ್ಲಿಂದ? ಬಹುಪಾಲು ಇಂಡೋನೇಷ್ಯದಿಂದ. ಅಲ್ಲಿ ಇದಕ್ಕೆ ‘ನಿಲಮ್’ ಎಂದು ಹೆಸರು. ಮೊದಲು ಸುಮಾತ್ರದ ಅಚೆ ಪ್ರಾಂತ ಇದಕ್ಕೆ ಹೆಸರಾಗಿತ್ತು, ಇತ್ತೀಚಿನ ದಶಕಗಳಲ್ಲಿ ಸುಲಾವೆಸಿ ದ್ವೀಪ ಮುಂದೆ ಬಂದಿದೆ. ಬೆಳೆಯುವವರು ತುಂಡು ಭೂಮಿಯ ಸಣ್ಣ ರೈತರು. ವಿಚಿತ್ರವೆಂದರೆ ಅಲ್ಲಿ ಈ ಗಿಡ ಹೂ ಬಿಡುವುದೇ ಅಪರೂಪ. ಕಡ್ಡಿ ನೆಟ್ಟೇ ಬೆಳೆಸಬೇಕು. ಹೂಗಳೇ ಸುಗಂಧದ ಮೂಲವೆಂದು ನಾನು ಬೋಧಿಸಿದ್ದೆ. ಸುಗಂಧಲೋಕದ ಅಡಿಪಾಯವಾಗಿರುವ ಗಿಡವೊಂದು ಹೂವನ್ನೇ ಕಾಣದೆ ಬದುಕುತ್ತಿದೆ!

ನೆಟ್ಟ ಐದಾರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ. ಆದರೆ ನಿಲಮ್ ಮಣ್ಣಿನ ಸಾರವನ್ನು ಬೇಗ ಹೀರಿಬಿಡುತ್ತದೆ. ಗೊಬ್ಬರ ಹಾಕಲಾರದ ಬಡ ರೈತ ಒಂದೆರಡು ವರ್ಷಕ್ಕೆ ಆ ನೆಲ ಬಿಟ್ಟು ಹೊಸ ನೆಲಕ್ಕಾಗಿ ಕಾಡಿನ ಅಂಚಿಗೆ ಹೋಗುತ್ತಾನೆ. ಬೆಲೆಯೂ ನಿಲ್ಲುವುದಿಲ್ಲ. 1997–98ರಲ್ಲಿ ಅನಾವೃಷ್ಟಿಯೂ ಇಂಡೋನೇಷ್ಯದ ಆರ್ಥಿಕ ಬಿಕ್ಕಟ್ಟೂ ಒಟ್ಟಿಗೆ ಬಂದಾಗ ಎಣ್ಣೆಯ ಬೆಲೆ ಆಕಾಶಕ್ಕೇರಿತು. ಎಲ್ಲರೂ ನಿಲಮ್ ನೆಟ್ಟರು, ಬೆಲೆ ಕುಸಿಯಿತು. ನಮ್ಮ ಈರುಳ್ಳಿ, ಟೊಮೇಟೊ ಬೆಳೆಗಾರರಿಗೆ ಈ ಕಥೆಯನ್ನು ಯಾರೂ ವಿವರಿಸಬೇಕಿಲ್ಲ. ಬೆಲೆ ಏರಿದಾಗ ಗುರ್ಜನ್ ಮರದ ಎಣ್ಣೆ ಮುಂತಾದುವನ್ನು ಬೆರೆಸುವ ಕಲಬೆರಕೆಯೂ ಹಳೆಯ ಪಿಡುಗು. ಶಾಲಿನ ಕಾಲದ ಅಸಲು ನಕಲಿನ ಪ್ರಶ್ನೆ ಈಗ ಎಣ್ಣೆಯನ್ನೇ ಬೆನ್ನಟ್ಟಿದೆ.

ನಮ್ಮ ದೇಶದಲ್ಲಿ 1942ರಷ್ಟು ಹಿಂದೆಯೇ ಟಾಟಾ ಆಯಿಲ್ ಮಿಲ್ಸ್ ಕಂಪನಿ ಈ ಬೆಳೆಯನ್ನು ಪ್ರಯತ್ನಿಸಿತ್ತು. ತೆಂಗು ಅಡಕೆಗಳ ನೆರಳಿನಲ್ಲಿ ಮಿಶ್ರಬೆಳೆಯಾಗಿ ಬೆಳೆಯಬಹುದೆಂದು ಬೆಂಗಳೂರಿನ ಸಂಶೋಧನಾ ಕೇಂದ್ರಗಳು ತಳಿಗಳನ್ನು ಪರೀಕ್ಷಿಸಿ ಹೇಳಿವೆ. ಬೇರಿಗೆ ತಗಲುವ ಜಂತುಹುಳುವಿನ ಕಾಟ, ಮಾರುಕಟ್ಟೆಯ ಅನಿಶ್ಚಿತತೆ ಇವುಗಳಿಂದ ಬೆಳೆ ವ್ಯಾಪಕವಾಗಲಿಲ್ಲ. ನಮ್ಮ ಅಗರಬತ್ತಿ, ಸಾಬೂನು ಕಾರ್ಖಾನೆಗಳಿಗೆ ಬೇಕಾದ ಎಣ್ಣೆಯ ಬಹುಭಾಗ ಹೊರಗಿನಿಂದಲೇ ಬರುತ್ತದೆ.

ಈಗ ಇನ್ನೊಂದು ತಿರುವು. 2014ರಲ್ಲಿ ಸ್ವಿಟ್ಜರ್ಲೆಂಡಿನ ಫರ್ಮೆನಿಕ್ ಸಂಸ್ಥೆ ‘ಕ್ಲಿಯರ್‌ವುಡ್’ ಎಂಬ ದ್ರವ್ಯವನ್ನು ಹೊರತಂದಿತು. ಮಾರ್ಪಡಿಸಿದ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಸಕ್ಕರೆ ಉಣಿಸಿ, ದೋಸೆಹಿಟ್ಟು ಹುದುಗುವಂತೆ ದೊಡ್ಡ ತೊಟ್ಟಿಗಳಲ್ಲಿ ಹುದುಗಿಸಿ, ಪ್ಯಾಚೂಲಿಯಂಥ ಪರಿಮಳ ಪಡೆಯುವ ವಿಧಾನವದು. ಮಳೆ ಬಂದರೂ ಬಾರದಿದ್ದರೂ ತೊಟ್ಟಿಗೆ ಚಿಂತೆಯಿಲ್ಲ, ಕಾಡು ಕಡಿಯಬೇಕಿಲ್ಲ. ಸುಲಾವೆಸಿಯ ರೈತನ ಪಾಡೇನು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಜರ್ಮನಿಯ ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದಾಗ ನಮ್ಮ ನೀಲಿಬೆಳೆ ಅಳಿದುಹೋದದ್ದನ್ನು ಪಾಠ ಮಾಡಿದವನಿಗೆ ಈ ಪ್ರಶ್ನೆಯನ್ನು ಬದಿಗೆ ಸರಿಸುವುದು ಕಷ್ಟ. ಅಂದು ನೀಲಿಯೊಡನೆ ರೈತನ ಮೇಲಿದ್ದ ಬಲಾತ್ಕಾರವೂ ಹೋಯಿತೆಂಬುದು ನಿಜ. ಇಂದಿನ ನಿಲಮ್ ರೈತ ತಾನಾಗಿ ಆರಿಸಿಕೊಂಡ ಬೆಳೆ ಇದು. ಸದ್ಯಕ್ಕಂತೂ ಪರಿಮಳ ತಯಾರಕರು ಎಲೆಯ ಎಣ್ಣೆಯನ್ನು ಬಿಟ್ಟಿಲ್ಲ. ಹಲವಾರು ಘಟಕಗಳು ಸೇರಿ ಆಗುವ ಅದರ ಆಳವನ್ನು ತೊಟ್ಟಿಯ ದ್ರವ್ಯ ಪೂರ್ತಿಯಾಗಿ ಕೊಡಲಾರದು.

ಇಷ್ಟನ್ನು ತಿಳಿದ ಮೇಲೆ 1979ರ ಆ ತರಗತಿಗೆ ಮರಳಬೇಕು. ಆ ಹುಡುಗಿಯ ಅಜ್ಜ ಹೇಳಿದ್ದು ನಿಜ. ಜಾತಿಯ ಸೂಕ್ಷ್ಮದಲ್ಲಿ ನಮ್ಮ ಮಾಲೆಯ ಪಚ್ಚೆಗೂ ಸುಗಂಧೋದ್ಯಮದ ಪ್ಯಾಚೂಲಿಗೂ ವ್ಯತ್ಯಾಸವಿರಬಹುದು. ಆದರೆ ಕುಲ ಒಂದೇ, ಹೆಸರಿನ ಬೇರು ಒಂದೇ, ಎಲೆಯಿಂದ ಸುಗಂಧವಾಗುತ್ತದೆ, ಅದು ವಿಲಾಯಿತಿಗೆ ಹೋಗುತ್ತದೆ ಎಂಬ ಮಾತೂ ಸರಿ. ನಾನು ಹೇಳಿದ ಎರಡು ಮಾತುಗಳೂ ತಪ್ಪು. ಅಜ್ಞಾನ ದೊಡ್ಡ ಅಪರಾಧವಲ್ಲ, ಎಲ್ಲವನ್ನೂ ಬಲ್ಲ ಉಪಾಧ್ಯಾಯ ಇನ್ನೂ ಹುಟ್ಟಿಲ್ಲ. “ನನಗೆ ಗೊತ್ತಿಲ್ಲಮ್ಮ, ನೋಡಿ ಹೇಳುತ್ತೇನೆ” ಎನ್ನಲು ಅರ್ಧ ನಿಮಿಷ ಸಾಕಿತ್ತು. ಅದರ ಬದಲು ನಾನು ಮೂವತ್ತೆಂಟು ಮಕ್ಕಳನ್ನು ಅವಳ ಮೇಲೆ ನಗಿಸಿದೆ. ಹೂವಿನ ಬುಟ್ಟಿಯ ಮನೆಯಿಂದ ಬಂದ ತಿಳಿವಳಿಕೆ ಪಠ್ಯಪುಸ್ತಕಕ್ಕೆ ಸಮನಾಗಲಾರದೆಂಬ ಅಹಂಕಾರ ಆ ನಗೆಯಲ್ಲಿತ್ತು. ಅದೇ ಎಲೆ ನನ್ನ ಮನೆಯ ಪೆಟ್ಟಿಗೆಯಲ್ಲಿದ್ದರೂ ನಾನು ಹಾಗೆ ನಕ್ಕೆನೆಂಬುದು ಇನ್ನೂ ನಾಚಿಕೆಯ ವಿಷಯ.

ಅವಳ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಈಗ ಅವಳಿಗೂ ಅರುವತ್ತರ ಹತ್ತಿರವಾಗಿರಬೇಕು. ಆ ತರಗತಿಯಲ್ಲಿ ಕುಳಿತಿದ್ದವರಲ್ಲಿ ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ನಿಮ್ಮಲ್ಲಿ ಯಾರಿಗಾದರೂ ಅವಳ ಸಂಪರ್ಕವಿದ್ದರೆ, ಪ್ರಶ್ನೆಯ ಉತ್ತರವನ್ನು ಮೇಷ್ಟರು ತಡವಾಗಿ ನೋಡಿಕೊಂಡರು, ಅವಳು ಹೇಳಿದ್ದೇ ಸರಿ ಎಂದು ತಿಳಿಸಿ. ಅಂದು ನಕ್ಕವರು ನೀವಾಗಿದ್ದರೆ ಬೇಸರ ಬೇಡ, ನಗಿಸಿದವನು ನಾನು.

ಅಮ್ಮನ ಪೆಟ್ಟಿಗೆ ಈಗ ನನ್ನ ತಂಗಿಯ ಮನೆಯಲ್ಲಿದೆ. ಕಳೆದ ತಿಂಗಳು ಹೋದಾಗ ತೆರೆದು ನೋಡಿದೆ. ಸೀರೆಗಳು ಹಂಚಿಹೋಗಿವೆ. ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯ ಕೆಳಗೆ ಮುಟ್ಟಿದರೆ ಪುಡಿಯಾಗುವಂಥ ಒಂದೆರಡು ಎಲೆಗಳಿದ್ದವು. ಅಮ್ಮ ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ವಾಸನೆ ಇನ್ನೂ ಇದೆ.